ಎದುರಿನ ಕೈ

ದಫ್ ಬಾರಿಸುವವನು ತನ್ನ ಕೈಯನ್ನು ತಾನು ನೋಡಿಕೊಳ್ಳಬಾರದು. ನಮಗೆ ಕಲಿಸಿದ ಮೊದಲ ಪಾಠ ಇದು. ಎದುರು ಸಾಲಿನಲ್ಲಿ ನಿಂತವನ ಕೈ ನೋಡಬೇಕು, ಅವನು ನಿನ್ನ ಕೈ ನೋಡುತ್ತಾನೆ. ನಾನು ಸಣ್ಣವನಿದ್ದಾಗ ಈ ಮಾತು ತಲೆಗೆ ಹೋಗಲೇ ಇಲ್ಲ. ಪೆಟ್ಟು ಹಾಕುವುದು ನನ್ನ ಕೈ, ನೋಡುವುದು ಇನ್ನೊಬ್ಬನ ಕೈ, ಇದೆಂಥ ಲೆಕ್ಕ ಎಂದು ಕೇಳಿದ್ದಕ್ಕೆ ದಫ್ ಕಲಿಸುತ್ತಿದ್ದ ಉಸ್ತಾದರು ನನ್ನ ಕಿವಿ ಹಿಂಡಿದ್ದರು. ಬಾಯಿ ಆಗಲೇ ನನಗೆ ಜಾಸ್ತಿ ಇತ್ತು.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ದಫ್ ಎಂದರೆ ಹಲಸಿನ ಮರದ ಒಂದು ಬಳೆ, ಅದರ ಒಂದು ಬದಿಗೆ ಬಿಗಿದ ಆಡಿನ ಚರ್ಮ. ಎಡಗೈಯಲ್ಲಿ ಹಿಡಿದು ಬಲಗೈಯ ಬೆರಳು ಮತ್ತು ಅಂಗೈಯಿಂದ ಬಾರಿಸುವುದು. ಇಷ್ಟೆ. ಚೆಂಡೆಯ ಹಾಗೆ ಮೂರು ಊರಿಗೆ ಕೇಳಿಸುವ ಸಾಮಾನಲ್ಲ. ಆದರೆ ನಮ್ಮ ಬ್ಯಾರಿಗಳ ಮನೆಗಳಲ್ಲಿ ಮದುಮಗ ಹೊರಡುವಾಗ, ಮಗುವಿನ ಸುನ್ನತ್ ಆಗುವಾಗ, ಹೊಸ ಮನೆಯಲ್ಲಿ ಹಾಲು ಉಕ್ಕಿಸುವಾಗ ಅದು ಬೇಕಿತ್ತು. ಬೈತ್ ಎಂದು ಹೇಳುವ ಸ್ತುತಿ ಹಾಡುಗಳನ್ನು ಹಾಡುತ್ತಾ ಎರಡು ಸಾಲು ಎದುರುಬದುರು ನಿಂತು, ಬಾಗಿ, ಮಂಡಿಯೂರಿ, ಎದ್ದು ಬಾರಿಸುತ್ತಿದ್ದೆವು. ದಫ್ ಬೇಕೋ ಬೇಡವೋ ಎಂಬ ಚರ್ಚೆ ಈಗ ಉಂಟು. ಆ ಚರ್ಚೆಗೆ ನಾನಿಲ್ಲ. ಅದನ್ನು ತಿಳಿದವರು ಮಾಡಲಿ. ನಾನು ದರ್ಜಿ, ನನಗೆ ಗೊತ್ತಿರುವುದು ಬಟ್ಟೆ ಮತ್ತು ದಫ್ ಎರಡೇ.

ನಮ್ಮ ಊರು ಬಂಟ್ವಾಳದ ಹತ್ತಿರ, ಹೊಳೆಯ ಬದಿಯಲ್ಲಿ. ಅಂಗಡಿ ಬಿ.ಸಿ.ರೋಡಿನಲ್ಲಿ. ನನ್ನ ಮನೆಮಾತು ಬ್ಯಾರಿ, ಪೇಟೆಯಲ್ಲಿ ಮಾತಾಡುವುದು ತುಳು, ಈ ಕನ್ನಡ ಶಾಲೆಯಲ್ಲಿ ಪೆಟ್ಟು ತಿಂದು ಕಲಿತದ್ದು. ಹಾಗಾಗಿ ಇದರಲ್ಲಿ ಸ್ವಲ್ಪ ಪುಸ್ತಕದ ವಾಸನೆ ಬಂದರೆ ಸಹಿಸಿಕೊಳ್ಳಬೇಕು.

ಉಸ್ತಾದರು ಜೋಡಿ ಮಾಡುವಾಗ ನೋಡುತ್ತಿದ್ದದ್ದು ಎತ್ತರ ಮತ್ತು ಸ್ವಭಾವ. ಎತ್ತರದಲ್ಲಿ ಸಮ ಇರಬೇಕು, ಸ್ವಭಾವದಲ್ಲಿ ಬೇರೆ ಇರಬೇಕು ಎನ್ನುತ್ತಿದ್ದರು. ನನಗೆ ಸಿಕ್ಕಿದವನು ಕೆಂಪುಕಲ್ಲಿನ ಕೋರೆಯಲ್ಲಿ ಕಲ್ಲು ಕೊಯ್ಯುವ ಯಂತ್ರ ನಡೆಸುತ್ತಿದ್ದ ಒಬ್ಬ. ನನ್ನದೇ ಪ್ರಾಯ. ತಲೆಗೂದಲಿನಿಂದ ಕಾಲಿನ ಉಗುರಿನವರೆಗೆ ಕೆಂಪು ಧೂಳು, ಶುಕ್ರವಾರ ಮಾತ್ರ ಬಿಳಿ. ನಾನು ಹತ್ತು ಮಾತಾಡಿದರೆ ಅವನು ಒಂದು ಮಾತಾಡುತ್ತಿದ್ದ, ಅದೂ ಬೇಕಾದರೆ. ನನಗೆ ಸಿಟ್ಟು ಮೂಗಿನ ತುದಿಯಲ್ಲಿ, ಅವನಿಗೆ ಸಿಟ್ಟು ಎಲ್ಲಿತ್ತೋ ದೇವರಿಗೇ ಗೊತ್ತು. ನಾನು ಕಂಡಿಲ್ಲ.

ಮೂವತ್ತು ವರ್ಷಕ್ಕಿಂತ ಹೆಚ್ಚು ನಾವು ಎದುರುಬದುರು ನಿಂತೆವು. ಅವನ ಮುಖಕ್ಕಿಂತ ಅವನ ಕೈ ನನಗೆ ಹೆಚ್ಚು ಪರಿಚಯ. ಬಲಗೈಯ ಹೆಬ್ಬೆರಳ ಉಗುರು ಯಂತ್ರಕ್ಕೆ ಸಿಕ್ಕಿ ಕಪ್ಪಾದದ್ದು ಯಾವ ವರ್ಷ, ಅದು ಉದುರಿ ಹೊಸತು ಬಂದದ್ದು ಯಾವಾಗ, ಎಲ್ಲ ಹೇಳಬಲ್ಲೆ. ಅವನ ಕಣ್ಣಿನ ಬಣ್ಣ ಕೇಳಿದರೆ ಸ್ವಲ್ಪ ಯೋಚಿಸಬೇಕಾಗುತ್ತದೆ.

ನಮ್ಮ ತಂಡದಲ್ಲಿ ಒಂದು ಕ್ರಮ ಇತ್ತು. ಜೋಡಿಯಲ್ಲಿ ಒಬ್ಬ ಬಾರದಿದ್ದರೆ ಇನ್ನೊಬ್ಬನೂ ಸಾಲಿನಿಂದ ಹೊರಗೆ ಕೂತುಕೊಳ್ಳಬೇಕು. ಎದುರು ಕೈ ಇಲ್ಲದವನು ಬಾರಿಸುವಂತಿಲ್ಲ. ಬೇರೆಯವರ ಜೋಡಿ ಮುರಿದು ಇವನಿಗೆ ಕೊಡುವಂತೆಯೂ ಇಲ್ಲ. ಜ್ವರ ಬಂದರೂ ಅಷ್ಟೆ, ಗಲ್ಫಿಗೆ ಹೋದರೂ ಅಷ್ಟೆ. ಹೊರಗೆ ಕೂತವನ ಕೆಲಸ ಎಲ್ಲರ ಚಪ್ಪಲಿ ನೋಡಿಕೊಳ್ಳುವುದು ಮತ್ತು ದಫ್ ಕಾಯಿಸುವುದು. ಮಳೆಗಾಲದಲ್ಲಿ ನಮ್ಮ ಕಡೆಯ ತೇವಕ್ಕೆ ಚರ್ಮ ಸಡಿಲಾಗಿ ಹಪ್ಪಳ ನೆನೆದ ಹಾಗೆ ಆಗುತ್ತದೆ, ಪೆಟ್ಟು ಹಾಕಿದರೆ ಶಬ್ದವೇ ಬರುವುದಿಲ್ಲ. ತೆಂಗಿನಕಾಯಿಯ ಚಿಪ್ಪು, ಅಂದರೆ ಗೆರಟೆಯ ಬೆಂಕಿ ಮಾಡಿ, ದೂರದಿಂದ ಹದವಾಗಿ ಬಿಸಿ ತೋರಿಸಬೇಕು. ಜಾಸ್ತಿಯಾದರೆ ಚರ್ಮ ಒಡೆದೇ ಹೋಗುತ್ತದೆ.

ನನ್ನ ಹೆಂಡತಿ ತೀರಿಕೊಂಡ ವರ್ಷ ನಾನು ಮೂರು ತಿಂಗಳು ದಫ್ ಮುಟ್ಟಲಿಲ್ಲ. ಆ ಮೂರು ತಿಂಗಳು ಅವನು ಪ್ರತಿ ಶುಕ್ರವಾರ ಬಂದು, ಮಸೀದಿಯ ಅಂಗಳದ ಕಟ್ಟೆಯಲ್ಲಿ ಕೂತು, ಉಳಿದವರ ದಫ್ ಕಾಯಿಸಿಕೊಟ್ಟು ಹೋಗಿದ್ದಾನೆ. ನನಗೆ ಒಂದು ಮಾತು ಹೇಳಿ ಕಳಿಸಲಿಲ್ಲ, ಬೇಗ ಬಾ ಎಂದೂ ಹೇಳಲಿಲ್ಲ. ನಾಲ್ಕನೆಯ ತಿಂಗಳು ನಾನು ಹೋಗಿ ನಿಂತೆ, ಅವನು ಎದುರು ಬಂದು ನಿಂತ. ಬೈತ್ ಶುರುವಾಯಿತು. ಥ್ಯಾಂಕ್ಸ್ ಹೇಳುವ ಅಭ್ಯಾಸ ನಮ್ಮಲ್ಲಿ ಇರಲಿಲ್ಲ. ಇದ್ದಿದ್ದರೂ ನಾನು ಹೇಳುತ್ತಿದ್ದೆ ಎಂಬ ಭರವಸೆ ಇಲ್ಲ.

ಆಮೇಲೆ ಕೆಲವು ವರ್ಷ ಕಳೆದು ಅವನು ತಡವಾಗತೊಡಗಿದ. ಹೊತ್ತಿಗೆ ಬರುವುದರಲ್ಲಿ ಅಲ್ಲ, ಪೆಟ್ಟಿನಲ್ಲಿ. ನನ್ನ ಪೆಟ್ಟು ಬಿದ್ದ ಮೇಲೆ ಒಂದು ನೂಲಿನಷ್ಟು ಬಿಟ್ಟು ಅವನದು ಬೀಳುತ್ತಿತ್ತು. ಕೇಳುವವರಿಗೆ ಗೊತ್ತಾಗುವಂಥದ್ದಲ್ಲ. ಆದರೆ ನನಗೆ ಹೊಲಿಗೆಯಲ್ಲಿ ಒಂದು ನೂಲು ಆಚೆ ಹೋದರೂ ಬಿಚ್ಚಿ ಮತ್ತೆ ಹೊಲಿಯುವ ರೋಗ. ಮೊದಲು ಕಣ್ಣು ಬಿಟ್ಟು ನೋಡಿದೆ. ಆಮೇಲೆ ಹತ್ತಿರ ಹೋಗಿ ಮೆಲ್ಲಗೆ, ಎಂತ ಮಾರಾಯ, ನಿದ್ದೆಯಾ ಎಂದು ಕೇಳಿದೆ. ಅವನು ನಕ್ಕ. ಇನ್ನೊಂದು ಸಲ ಹೇಳಿದಾಗಲೂ ನಕ್ಕ. ಏನು ಹೇಳಿದರೂ ಅದೇ ನಗೆ. ನನಗೆ ಉರಿದು ಹೋಗುತ್ತಿತ್ತು. ಇವನಿಗೆ ಅಹಂಕಾರ ಬಂದಿದೆ, ನನ್ನ ಮಾತಿಗೆ ಕವಡೆಯ ಬೆಲೆಯಿಲ್ಲ ಎಂದು ಮನಸ್ಸಿನಲ್ಲೇ ಗಂಟು ಹಾಕಿಕೊಂಡೆ. ಆ ಹೊತ್ತಿಗೆ ಉಸ್ತಾದರು ತೀರಿಹೋಗಿದ್ದರು. ಅವರಿದ್ದಿದ್ದರೆ ಮತ್ತೊಮ್ಮೆ ನನ್ನ ಕಿವಿ ಹಿಂಡುತ್ತಿದ್ದರೋ ಏನೋ.

ಮೂಡುಬಿದಿರೆಯಲ್ಲಿ ಒಂದು ಮದುವೆ. ದೊಡ್ಡ ಹಾಲ್, ಕಮಾನಿಗೆಲ್ಲ ಹೂವು, ಊರಿನ ಅರ್ಧ ಜನ ಅಲ್ಲಿ. ಮಧ್ಯಾಹ್ನ ಮದುಮಗನನ್ನು ಗೇಟಿನಿಂದ ವೇದಿಕೆಯವರೆಗೆ ದಫ್ ಜೊತೆ ಕರೆತರಬೇಕಿತ್ತು. ನಾವು ಎರಡು ಸಾಲು ಎದುರುಬದುರಾಗಿಯೇ ಹೆಜ್ಜೆ ಹಾಕುತ್ತಾ ಬಾರಿಸುತ್ತಾ ಬಂದೆವು. ಆವತ್ತು ಅವನು ಒಂದು ನೂಲಲ್ಲ, ಬೆರಳಿನಷ್ಟು ತಪ್ಪಿದ. ಒಮ್ಮೆ ಅಲ್ಲ, ಮೂರು ಸಲ. ಕೊನೆಗೆ ಎರಡು ಸಾಲೂ ಗಲಿಬಿಲಿಯಾಗಿ ಬೈತ್ ಅರ್ಧದಲ್ಲಿ ನಿಂತಿತು. ಮೊಬೈಲು ಹಿಡಿದು ತೆಗೆಯುತ್ತಿದ್ದವರು ಮೊಬೈಲು ಇಳಿಸಿದರು. ಯಾರೋ ಒಬ್ಬ ಕಿಸಕ್ಕನೆ ನಕ್ಕ. ಆ ನಗು ನನ್ನ ನೆತ್ತಿಗೆ ಏರಿತು.

ನಾನು ಅವನ ಕಡೆ ಬೆರಳು ತೋರಿಸಿ, ಹಾಲಿನ ಕೊನೆಗೆ ಕೂತವರಿಗೂ ಕೇಳುವ ಹಾಗೆ ಹೇಳಿದೆ:

“ನಿನ್ನ ಕೈ ಸತ್ತಿದೆ. ಸತ್ತ ಕೈ ತಗೊಂಡು ಸಾಲಿಗೆ ಯಾಕೆ ಬರ್ತೀಯ? ಮನೆಯಲ್ಲಿ ಕೂತ್ಕೊ.”

ಅವನು ನನ್ನ ಬಾಯಿಯನ್ನೇ ನೋಡಿದ. ಮತ್ತೆ ಸುತ್ತಲಿದ್ದವರನ್ನು ಒಬ್ಬೊಬ್ಬರನ್ನಾಗಿ ನೋಡಿದ. ಎಲ್ಲರೂ ಅವನನ್ನೇ ನೋಡುತ್ತಿದ್ದರು. ದಫನ್ನು ಚೀಲಕ್ಕೆ ಹಾಕಿದ, ಗೇಟು ದಾಟಿ ಹೋದ. ಊಟಕ್ಕೂ ನಿಲ್ಲಲಿಲ್ಲ. ನಾನು ಕೂತು ಬಿರಿಯಾನಿ ತಿಂದೆ. ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆದರೆ ಚಂದ ಕಾಣುತ್ತಿತ್ತು, ಆದರೆ ಇಳಿಯಿತು. ಎರಡನೆಯ ಸಲ ಹಾಕಿಸಿಕೊಂಡೆ ಕೂಡ.

ಮುಂದಿನ ಶುಕ್ರವಾರ ಅವನು ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಕೋರೆಯ ಕೆಲಸ ಬಿಟ್ಟ, ಬೆಳ್ತಂಗಡಿ ಕಡೆ ಮಗಳ ಮನೆಗೆ ಹೋಗಿ ನೆಲೆಸಿದ ಎಂದು ಸುದ್ದಿ ಬಂತು. ಹೋಗಲಿ, ಸಿಟ್ಟು ಇಳಿದ ಮೇಲೆ ಬಂದಾನು ಎಂದುಕೊಂಡೆ. ಸಿಟ್ಟು ಯಾರದು ಇಳಿಯಬೇಕಿತ್ತು ಎಂದು ಆಗ ನನ್ನನ್ನು ಯಾರೂ ಕೇಳಲಿಲ್ಲ.

ಕ್ರಮ ಎಂದರೆ ಕ್ರಮ. ಅವನು ಹೋದ ಮೇಲೆ ನಾನೂ ಸಾಲಿನ ಹೊರಗೆ. ಶುಕ್ರವಾರ ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ಎಲ್ಲರೂ ಅಂಗಳಕ್ಕೆ ಇಳಿದರೆ ನಾನು ಕಟ್ಟೆಯಲ್ಲಿ ಚಪ್ಪಲಿಗಳ ಹತ್ತಿರ ಕೂತೆ. ಹೊಸಬನೊಬ್ಬನನ್ನು ನನಗೆ ಜೋಡಿ ಮಾಡಿ ಎಂದು ಕೇಳಿದ್ದುಂಟು. ನಿನ್ನ ಎದುರು ನಿಲ್ಲಲಿಕ್ಕೆ ಹೆಲ್ಮೆಟ್ ಹಾಕಬೇಕಷ್ಟೆ ಎಂದು ಒಬ್ಬ ತಮಾಷೆ ಮಾಡಿದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಯಾರೂ ಬಂದು ನಿಲ್ಲಲಿಲ್ಲ. ಬರಬರುತ್ತಾ ಒಬ್ಬ ತೀರಿಹೋದ, ಒಬ್ಬನಿಗೆ ಮಂಡಿ ನೋವು, ಒಬ್ಬ ಮಗನ ಜೊತೆ ಮಂಗಳೂರಿಗೆ ಹೋದ. ಜೋಡಿಗಳು ಕಡಿಮೆಯಾದವು. ಹೊಸ ಹುಡುಗರ ತಂಡ ಬಂತು. ಅವರಿಗೆ ಸ್ಪರ್ಧೆ, ವೇದಿಕೆ, ಒಂದೇ ಬಣ್ಣದ ಅಂಗಿ, ಫೈಬರಿನ ದಫ್. ಕಾಯಿಸುವ ಕೆಲಸವೂ ಇಲ್ಲ. ಚಂದ ಬಾರಿಸುತ್ತಾರೆ, ಸುಳ್ಳು ಹೇಳಬಾರದು. ಅವರ ಅಂಗಿ ಹೊಲಿದದ್ದು ನಾನೇ. ಆದರೆ ಅವರು ಎದುರು ಸಾಲನ್ನು ನೋಡುವುದಿಲ್ಲ, ಕ್ಯಾಮರಾ ನೋಡುತ್ತಾರೆ. ನಾನು ಕಟ್ಟೆಗೆ ಹೋಗುವುದನ್ನೂ ಬಿಟ್ಟೆ.

ಮನೆಯಲ್ಲಿ ಜನ ಇಲ್ಲವೆಂದಲ್ಲ. ಮಗ, ಸೊಸೆ, ಮೊಮ್ಮಕ್ಕಳು, ಆಗಾಗ ವಿಟ್ಲದಿಂದ ಬಂದು ವಾರಗಟ್ಟಲೆ ಉಳಿಯುವ ಮಗಳು, ಅವಳ ಮಕ್ಕಳು. ಬಾತ್‌ರೂಮಿಗೆ ಸಾಲು ನಿಲ್ಲಬೇಕು. ಹೊತ್ತಿಗೆ ಸರಿಯಾಗಿ ಊಟ ಬರುತ್ತದೆ, ಮೀನಿನ ನಡುತುಂಡು ನನಗೇ. ಇಷ್ಟು ಜನರ ನಡುವೆ ಒಂಟಿ ಎಂದು ಹೇಳಿದರೆ ಮಗ ಬೇಸರ ಮಾಡಿಕೊಂಡಾನು. ಆದರೆ ಇದ್ದದ್ದನ್ನು ಬರೆಯಬೇಕಲ್ಲ. ನಾನು ಒಂಟಿಯಾಗಿದ್ದೆ. ಹೆಂಡತಿ ಹೋದಾಗ ಆದದ್ದು ದುಃಖ, ಅದಕ್ಕೆ ಜನ ಬಂದರು, ಕೂತರು, ಕುರಾನಿನ ಯಾಸೀನ್ ಅಧ್ಯಾಯ ಓದಿದರು. ಎದುರಿನವನು ಹೋದಾಗ ಯಾರು ಬರುತ್ತಾರೆ? ಅದಕ್ಕೆ ಹೆಸರೇ ಇಲ್ಲ.

ಅಂಗಡಿಯಲ್ಲಿ ಗಿರಾಕಿಗಳು ಅಂಗಿ ಹಾಕಿ ನೋಡುವುದಕ್ಕೆ ಒಂದು ಆಳೆತ್ತರದ ಕನ್ನಡಿ ಉಂಟು. ಮಧ್ಯಾಹ್ನ ಊಟದ ಹೊತ್ತಿಗೆ ಶಟರ್ ಅರ್ಧ ಎಳೆದು, ದಫ್ ತೆಗೆದು ಆ ಕನ್ನಡಿಯ ಎದುರು ನಿಂತು ಬಾರಿಸುತ್ತಿದ್ದೆ. ಎದುರು ಒಂದು ಕೈ ಬೇಕಿತ್ತು, ಅಷ್ಟೆ. ಕನ್ನಡಿಯಲ್ಲಿ ಕೈ ಅದುರುವುದು ಕಾಣುತ್ತಿತ್ತು. ಹೆದ್ದಾರಿಯಲ್ಲಿ ಲಾರಿ ಹೋದಾಗಲೆಲ್ಲ ಇಡೀ ಅಂಗಡಿ ಅದುರುತ್ತದೆ, ಕನ್ನಡಿಯ ಆಣಿ ಸಡಿಲಾಗಿದೆ ಎಂದು ಎರಡು ಸಲ ಬಡಿದು ಗಟ್ಟಿ ಮಾಡಿದೆ. ಪಕ್ಕದ ಮೊಬೈಲ್ ಅಂಗಡಿಯವನು ಒಮ್ಮೆ ಬಗ್ಗಿ ನೋಡಿ, ಕಾಕ ಯಾರೊಟ್ಟಿಗೆ ಬಾರಿಸುವುದು ಎಂದು ಕೇಳಿದ. ನಿನ್ನ ಅಜ್ಜನೊಟ್ಟಿಗೆ ಎಂದೆ.

ಹೀಗೆ ಐದು ವರ್ಷ. ಕಳೆದ ವರ್ಷ ಮೀಲಾದ್, ಅಂದರೆ ಪ್ರವಾದಿಯವರ ಜನ್ಮದಿನದ ಕಾರ್ಯಕ್ರಮಕ್ಕೆ ಒಂದು ತಿಂಗಳು ಇರುವಾಗ ನಮ್ಮ ಮಸೀದಿಯ ಕಾರ್ಯದರ್ಶಿ ಪ್ಯಾಂಟಿನ ಕಾಲು ಗಿಡ್ಡ ಮಾಡಿಸಲು ಅಂಗಡಿಗೆ ಬಂದರು. ಮಾತಿನ ನಡುವೆ ಹೇಳಿದರು, ಈ ಸಲ ಹಳೆಯ ತಂಡದವರಿಂದ ಒಂದು ಬೈತ್ ಬಾರಿಸುವ ಎಂದು ಆಲೋಚನೆ ಉಂಟು, ಹುಡುಗರಿಗೂ ಗೊತ್ತಾಗಲಿ ಹಿಂದೆ ಹೇಗಿತ್ತೆಂದು. ಮೂರು ಜೋಡಿ ಉಳಿದಿದೆ. ನಿಮ್ಮವನನ್ನು ಕರೆತಂದರೆ ನಾಲ್ಕು. ಇಲ್ಲದಿದ್ದರೆ ನಿಮಗೆ ಮುಂದಿನ ಸಾಲಿನಲ್ಲಿ ಕುರ್ಚಿ ಇಡಿಸುತ್ತೇವೆ ಎಂದರು. ಕುರ್ಚಿ ಎನ್ನುವ ಮಾತು ನನಗೆ ಹಿಡಿಸಲಿಲ್ಲ. ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ. ಸಾಯುವ ಮೊದಲು ಒಂದು ಸಲ, ಒಂದೇ ಒಂದು ಸಲ ಆ ಸಾಲಿನಲ್ಲಿ ನಿಲ್ಲಬೇಕು ಎಂದು ಆಸೆ ಹುಟ್ಟಿತು. ಅದಕ್ಕೆ ಅವನು ಬೇಕು. ಬೇರೆ ದಾರಿಯಿಲ್ಲ.

ಮಗನ ಹತ್ತಿರ ನಂಬರು ಹುಡುಕಿಸಿ ಫೋನ್ ಮಾಡಿದೆ. ಎತ್ತಿದವಳು ಅವನ ಮಗಳು, ಅಪ್ಪನಿಗೆ ನಮ್ಮಲ್ಲಿ ಉಪ್ಪ ಎನ್ನುತ್ತೇವೆ. ಉಪ್ಪ ಫೋನಿನಲ್ಲಿ ಮಾತಾಡುವುದಿಲ್ಲ ಕಾಕ, ನೀವೇ ಒಮ್ಮೆ ಬನ್ನಿ ಎಂದಳು. ಇನ್ನೂ ಕೋಪ ಇಳಿದಿಲ್ಲ ನೋಡು ಇವನದು ಎಂದುಕೊಂಡೆ.

ಬೆಳ್ತಂಗಡಿ ಬಸ್ಸಿನಲ್ಲಿ ಕಿಟಕಿಯ ಬದಿ ಕೂತು, ತೊಡೆಯ ಮೇಲೆ ದಫಿನ ಚೀಲ ಇಟ್ಟುಕೊಂಡು ಹೊರಟೆ. ಪುಂಜಾಲಕಟ್ಟೆ ದಾಟುವವರೆಗೆ ಅವನಿಗೆ ಏನು ಹೇಳಬೇಕೆಂದು ಮನಸ್ಸಿನಲ್ಲೇ ಹೊಲಿದೆ. ಆದದ್ದು ಆಯಿತು, ನಾನು ಅದನ್ನೆಲ್ಲ ಬಿಟ್ಟಿದ್ದೇನೆ, ನೀನೂ ಬಿಡು, ಬಾ. ಹೀಗೆ. ಗಮನಿಸಬೇಕು, ನಾನು ಹೊರಟದ್ದು ಕ್ಷಮೆ ಕೇಳುವುದಕ್ಕಲ್ಲ, ಕ್ಷಮಿಸುವುದಕ್ಕೆ. ಎಂಥ ದೊಡ್ಡ ಮನುಷ್ಯ ನೋಡಿ.

ಗುರುವಾಯನಕೆರೆಯಲ್ಲಿ ಇಳಿದು ರಿಕ್ಷಾ ಮಾಡಿದೆ. ಮನೆ ರಸ್ತೆಯ ಬದಿಯಲ್ಲೇ, ಎದುರಿಗೆ ಸಿಮೆಂಟಿನ ಅಂಗಳ. ಜಗಲಿಯಲ್ಲಿ ಅವನು ನನಗೆ ಬೆನ್ನು ಹಾಕಿ ಕೂತು ತೆಂಗಿನ ಗರಿ ಸೀಳಿ ಗುಡಿಸುವ ಹಿಡಿಸೂಡಿ ಕಟ್ಟುತ್ತಿದ್ದ. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ನಾನು ಅಂಗಳದಲ್ಲಿ ಚಪ್ಪಲಿ ಬಿಡುತ್ತಲೇ ಸಲಾಂ ಹೇಳಿದೆ. ಅವನು ತಿರುಗಲಿಲ್ಲ. ಇನ್ನೊಮ್ಮೆ ಹೇಳಿದೆ, ಗಟ್ಟಿಯಾಗಿ. ಗರಿ ಸೀಳುತ್ತಲೇ ಇದ್ದ. ಎಷ್ಟು ಕೋಪ ಇದ್ದರೂ ಸಲಾಮಿಗೆ ಉತ್ತರ ಕೊಡದವರನ್ನು ನಾನು ಕಂಡಿಲ್ಲ. ಮುಖಕ್ಕೆ ಹೊಡೆದ ಹಾಗಾಯಿತು. ತಿರುಗಿ ಹೋಗಲೆಂದು ಚಪ್ಪಲಿಯನ್ನು ಮತ್ತೆ ಹಾಕಿದೆ.

ಮಗಳು ಒಳಗಿಂದ ಓಡಿ ಬಂದಳು.

“ಕಾಕ, ಅಲ್ಲಿಂದ ಕರೆದರೆ ಪ್ರಯೋಜನ ಇಲ್ಲ,” ಎಂದಳು. “ಎದುರು ಹೋಗಿ ನಿಲ್ಲಿ. ಉಪ್ಪನಿಗೆ ಕೇಳುವುದಿಲ್ಲ.”

ಯಾವಾಗಿನಿಂದ ಎಂದು ಕೇಳಿದೆ. ಅವಳು ನನ್ನ ಮುಖ ನೋಡಿದಳು, ಇವರಿಗೆ ನಿಜವಾಗಿ ಗೊತ್ತಿಲ್ಲವೋ ಎಂಬಂತೆ. ಮತ್ತೆ ಜಗಲಿಯ ಮೂಲೆಗೆ ಕುರ್ಚಿ ಎಳೆದು, ಕೂರಿಸಿ, ಎಲ್ಲ ಹೇಳಿದಳು. ಅವನು ಇನ್ನೂ ನಮ್ಮನ್ನು ನೋಡಿರಲಿಲ್ಲ. ಅವಳು ಹೇಳಿದ್ದನ್ನು ಇಲ್ಲಿ ಬರೆಯುವುದಕ್ಕೆ ನನಗೆ ಹಕ್ಕಿರಲಿಲ್ಲ. ಈ ವರ್ಷ ರಂಜಾನಿನ ಮೊದಲು ಅವನು ತೀರಿಹೋದ. ಆಮೇಲೆ ಮಗಳನ್ನು ಕೇಳಿ, ಅವಳು ಬರೆಯಿರಿ ಎಂದ ಮೇಲೆಯೇ ಬರೆಯುತ್ತಿದ್ದೇನೆ.

ಕಲ್ಲು ಕೊಯ್ಯುವ ಯಂತ್ರದ ಶಬ್ದಕ್ಕೆ ಮೊದಲು ಒಂದು ಕಿವಿ ಹೋದದ್ದು. ಆಮೇಲೆ ಇನ್ನೊಂದು. ಮೂಡುಬಿದಿರೆಯ ಮದುವೆಗಿಂತ ನಾಲ್ಕೈದು ವರ್ಷ ಮೊದಲೇ ಅವನಿಗೆ ಹೆಚ್ಚುಕಡಿಮೆ ಏನೂ ಕೇಳುತ್ತಿರಲಿಲ್ಲ. ಕಿವಿಗೆ ಹಾಕುವ ಯಂತ್ರ ತಂದುಕೊಟ್ಟರೆ ಕಿರಿಚಾಟ ಮಾತ್ರ ಕೇಳುತ್ತದೆ ಎಂದು ತೆಗೆದಿಟ್ಟ. ಹಾಗಾದರೆ ದಫ್ ಹೇಗೆ ಬಾರಿಸಿದ? ನನ್ನ ಕೈ ನೋಡಿ. ನನ್ನ ಕೈ ಚರ್ಮಕ್ಕೆ ಬಿದ್ದದ್ದನ್ನು ಕಂಡ ಮೇಲೆ ಅವನ ಕೈ ಬೀಳುತ್ತಿತ್ತು. ಆ ಒಂದು ನೂಲು ತಡ ಅದೇ. ನನ್ನ ಬಯ್ಗುಳಕ್ಕೆ ಅವನು ನಕ್ಕದ್ದು ಕೇಳಿಸದೆ ಇದ್ದದ್ದಕ್ಕೆ. ನಗದೆ ಏನು ಮಾಡುವುದು?

ಬಾಯಿಬಿಟ್ಟು ಹೇಳಬಾರದಿತ್ತಾ ಇವನು, ನನಗಾದರೂ ಹೇಳಬಾರದಿತ್ತಾ ಎಂದು ನಾನು ರೇಗಿದೆ. ಅಲ್ಲಿಯೂ ನನಗೆ ಬಂದದ್ದು ಸಿಟ್ಟೇ. ಮಗಳು ಒಮ್ಮೆ ಅಪ್ಪನ ಬೆನ್ನಿನ ಕಡೆ ನೋಡಿದಳು.

“ನಾವು ಹೇಳಿ ಅಂತ ಎಷ್ಟೋ ಸಲ ಹೇಳಿದ್ದೇವೆ ಕಾಕ. ನಾನು ಸಾಲು ಬಿಟ್ಟರೆ ಅವನನ್ನೂ ಹೊರಗೆ ಕೂರಿಸ್ತಾರೆ ಅಂತಿದ್ದರು ಉಪ್ಪ. ಹೆಂಡತಿ ಹೋದ ಮೇಲೆ ಅವನಿಗೆ ಉಳಿದದ್ದು ಅದೊಂದೇ, ಅದನ್ನು ನಾನು ತೆಗೆಯುವುದಿಲ್ಲ ಅಂತ.”

ಮೂಡುಬಿದಿರೆಯಲ್ಲಿ ನಾನು ಹೇಳಿದ್ದನ್ನು ಅವನು ಮನೆಯಲ್ಲಿ ಹೇಳಿದ್ದಾನಾ ಎಂದು ಕೇಳಿದೆ. ನೀವು ಏನು ಹೇಳಿದ್ದೆಂದು ಉಪ್ಪನಿಗೆ ಈಗಲೂ ಗೊತ್ತಿಲ್ಲ, ಎಲ್ಲರೂ ತನ್ನನ್ನು ನೋಡಿದ್ದು ಮಾತ್ರ ಗೊತ್ತು ಎಂದಳು. ಊರಿನವರು ಬಂದು ಹೇಳಿದ್ದರಿಂದ ಅವಳಿಗೆ ಗೊತ್ತಿತ್ತು. ಅಪ್ಪನಿಗೆ ತಿಳಿಸಲಿಲ್ಲವಂತೆ. ಆ ಮಾತನ್ನು ಹೇಗೆ ತಿಳಿಸುವುದು, ಬರೆದು ತೋರಿಸುವುದಾ ಎಂದು ನನ್ನನ್ನೇ ಕೇಳಿದಳು.

ಎದ್ದು ಹೋಗಿ ಅವನ ಎದುರು ನಿಂತೆ. ನೋಡಿದ. ಗರಿ ಕೈಯಿಂದ ಬಿತ್ತು. ಎದ್ದು ನನ್ನ ಎರಡೂ ಭುಜ ಹಿಡಿದು ಅಲ್ಲಾಡಿಸಿದ, ಮಗಳಿಗೆ ಚಹಾ ಮಾಡು ಎಂದು ಕೂಗಿದ. ಕಿವಿ ಕೇಳದವರ ಮಾತು ಎಷ್ಟು ಗಟ್ಟಿ ಎಂದು ಗೊತ್ತಲ್ಲ, ರಸ್ತೆಯಾಚೆಯ ಮನೆಯವರೂ ಹೊರಗೆ ಬಂದರು. ನಾನು ಅವನ ಕಿವಿಯ ಹತ್ತಿರ ಬಾಯಿ ಇಟ್ಟು, ನನ್ನದು ತಪ್ಪಾಯಿತು ಎಂದೆ. ಅವನು ಕಿವಿಗೆ ಕೈ ಅಡ್ಡ ಇಟ್ಟು ತಲೆ ಅಲ್ಲಾಡಿಸಿದ. ಇನ್ನಷ್ಟು ಗಟ್ಟಿಯಾಗಿ ಹೇಳಬೇಕಾಯಿತು. ಬೇಲಿಯ ಹತ್ತಿರ ಒಬ್ಬಳು ಹೆಂಗಸು ಬಟ್ಟೆ ಒಣಹಾಕುವುದನ್ನು ಬಿಟ್ಟು ನೋಡುತ್ತಿದ್ದಳು. ಅಷ್ಟು ದೊಡ್ಡ ಹಾಲಿನಲ್ಲಿ ಅವನ ಮರ್ಯಾದೆ ತೆಗೆಯುವಾಗ ಸಲೀಸಾಗಿ ಬಂದ ಸ್ವರ ಈಗ ಒಬ್ಬಳು ನೆರೆಮನೆಯವಳ ಎದುರು ಬರುವುದಿಲ್ಲ. ಅವನ ಕಿವಿಗೆ ಬಾಯಿ ಒತ್ತಿ, ಕಣ್ಣು ಮುಚ್ಚಿ ಕಿರಿಚಿದೆ. ತಪ್ಪಾಯಿತು ಮಾರಾಯ, ತಪ್ಪಾಯಿತು. ಕಣ್ಣು ಬಿಟ್ಟರೆ ಅವನು ನಗುತ್ತಿದ್ದ. ಅದೇ ನಗೆ. ಏನೂ ಕೇಳಿರಲಿಲ್ಲ.

ಅವನ ಕಣ್ಣು ನನ್ನ ಚೀಲಕ್ಕೆ ಹೋಯಿತು. ತೆಗೆ ಎಂದು ಸನ್ನೆ ಮಾಡಿ, ಒಳಗೆ ಹೋಗಿ ತನ್ನ ದಫ್ ತಂದ. ಚರ್ಮ ಬಿಗಿಯಾಗಿತ್ತು, ಬಿಸಿಲಿಗೆ ಇಟ್ಟು ಜೋಪಾನ ಮಾಡಿದ್ದ. ಅಂಗಳದಲ್ಲಿ ಎದುರುಬದುರು ಮಂಡಿಯೂರಿ ಕೂತೆವು. ನಾನು ಹಾಡು ಎತ್ತಿದೆ, ಬಾರಿಸಿದೆ. ಅವನು ನನ್ನ ಕೈ ನೋಡಿದ. ಪೆಟ್ಟಿನ ಹಿಂದೆ ಒಂದು ನೂಲು ಬಿಟ್ಟು ಅವನ ಪೆಟ್ಟು. ಆಗೆಲ್ಲ ಈ ತಡಕ್ಕಾಗಿ ನಾನು ಹಲ್ಲು ಕಡಿದಿದ್ದೆ. ಈಗ ಒಂದೊಂದು ಪೆಟ್ಟಿಗೂ ಅದು ಬರುವುದನ್ನು ಕಾದು ಕೂತೆ. ಸುಖ ಎಂದರೆ ಸುಖ, ಬೇರೆ ಮಾತು ಗೊತ್ತಿಲ್ಲ. ಮೀಲಾದಿಗೆ ಇವನನ್ನು ಹೇಗಾದರೂ ಕರೆದುಕೊಂಡು ಹೋಗುವುದೇ, ಯಾರಿಗೂ ಏನೂ ಹೇಳುವುದು ಬೇಡ, ಅವನು ನನ್ನ ಕೈ ನೋಡಿ ಬಾರಿಸಲಿ ಎಂದು ಲೆಕ್ಕ ಹಾಕಿದೆ.

ಹಾಡಿನ ಮೂರನೆಯ ಸಾಲಿಗೆ ಬರುವಾಗ ಅವನು ನಿಲ್ಲಿಸಿದ. ದಫ್ ಕೆಳಗಿಟ್ಟು, ಕೈ ಚಾಚಿ ನನ್ನ ಬಲಗೈಯ ಮಣಿಕಟ್ಟು ಹಿಡಿದ.

“ಜಾಸ್ತಿಯಾಗಿದೆ ಇದು,” ಎಂದ. “ಆಗ ಇಷ್ಟು ಇರಲಿಲ್ಲ.”

ಎಂತದು ಎಂದು ಕೇಳಿದೆ. ಅವನು ನನ್ನ ತುಟಿ ನೋಡಿ ತಿಳಿದುಕೊಂಡ. ಹಿಡಿದ ಕೈಯನ್ನು ಸ್ವಲ್ಪ ಎತ್ತಿ ತೋರಿಸಿದ. ಅಂಗಳದಲ್ಲಿ ಲಾರಿಯೂ ಇರಲಿಲ್ಲ, ಕನ್ನಡಿಯೂ ಇರಲಿಲ್ಲ. ಕೈ ಅದುರುತ್ತಿತ್ತು.

“ಆ ಮದುವೆಗಿಂತ ಮೊದಲೇ ಶುರುವಾಗಿತ್ತು. ಒಂದು ಪೆಟ್ಟು ಹಾಕುವಲ್ಲಿ ನಿನ್ನ ಕೈ ಎರಡು ಸಲ ಇಳೀತಿತ್ತು. ಆವತ್ತು ಯಾವುದನ್ನು ಹಿಡಿಯುವುದು ಅಂತ ನನಗೆ ಗೊತ್ತಾಗಲಿಲ್ಲ.” ತಾನು ಸ್ವರ ಇಳಿಸಿದ್ದೇನೆ ಎಂದು ಅವನು ತಿಳಿದಿರಬೇಕು, ಆದರೆ ಬೇಲಿಯವರೆಗೆ ಕೇಳಿತು. “ನಾನು ಯಾರಿಗೂ ಹೇಳಲಿಲ್ಲ.”

ಗೊತ್ತಿತ್ತು ನನಗೆ. ಗೊತ್ತಿರಲಿಲ್ಲ ಎಂದು ಬರೆಯಲಾರೆ. ಸೂಜಿಗೆ ನೂಲು ಹಾಕುವುದನ್ನು ಅಂಗಡಿಯ ಕೆಲಸದವಳಿಗೆ ಬಿಟ್ಟಿದ್ದೆ, ಕಣ್ಣು ಮಂಜಾಗಿದೆ ಎಂದು ಹೇಳಿದ್ದೆ. ಕಾಲರಿನ ಹೊಲಿಗೆ ವಕ್ರವಾದಾಗ ಯಂತ್ರ ಹಳೆಯದಾಯಿತು ಎಂದಿದ್ದೆ. ಮನೆಯಲ್ಲಿ ಚಹಾ ಚೆಲ್ಲಿದರೆ ಲೋಟ ತುಂಬಾ ತುಂಬಿಸಿದ್ದೀರಿ ಎಂದು ಸೊಸೆಗೆ ಜೋರು ಮಾಡಿದ್ದೆ. ಇಡೀ ಲೋಕದಲ್ಲಿ ನನ್ನ ಕೈಯನ್ನೇ ನೋಡುತ್ತಾ ನಿಂತವನು ಒಬ್ಬನೇ. ಅವನು ಕಂಡದ್ದನ್ನು ಹೊಟ್ಟೆಗೆ ಹಾಕಿಕೊಂಡ. ನಾನು ಅವನಲ್ಲಿ ಕಂಡದ್ದನ್ನು ಮದುವೆಯ ಹಾಲಿನಲ್ಲಿ ಕೂಗಿದೆ, ಅದೂ ನನ್ನದೇ ತಪ್ಪನ್ನು. ಅಳು ಬಂತು. ಅಂಗಳದಲ್ಲಿ ಕೂತು ಅತ್ತೆ. ಅವನು ಕೈ ಬಿಡಲಿಲ್ಲ. ಮಗಳು ಚಹಾ ತಂದು ಇಟ್ಟು ಒಳಗೆ ಹೋದಳು.

ಮೀಲಾದಿಗೆ ಬರುತ್ತೀಯಾ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಬರುತ್ತಿದ್ದ. ಅಷ್ಟು ಜನರ ಎದುರು ನನ್ನ ಎರಡು ಪೆಟ್ಟಿನಲ್ಲಿ ಒಂದನ್ನು ಹುಡುಕುತ್ತಾ ನಿಲ್ಲುತ್ತಿದ್ದ, ತಪ್ಪಿದರೆ ತನ್ನದೆಂದು ಮತ್ತೆ ಚೀಲ ಕಟ್ಟಿಕೊಂಡು ಹೋಗುತ್ತಿದ್ದ. ಹಿಡಿಸೂಡಿ ಒಂದನ್ನು ಕಟ್ಟಿ ಕೊಟ್ಟ, ಸೊಸೆಗೆ ಕೊಡು ಎಂದ. ಬಸ್ಸಿನಲ್ಲಿ ಅದನ್ನೂ ದಫನ್ನೂ ಹಿಡಿದುಕೊಂಡು ಒಬ್ಬನೇ ಬಂದೆ.

ಮುಂದಿನ ಶುಕ್ರವಾರ ಅಸರ್ ಆದ ಮೇಲೆ ಹಳೆಯ ಮೂರು ಜೋಡಿಯವರು ಅಭ್ಯಾಸಕ್ಕೆ ಅಂಗಳದಲ್ಲಿ ಸೇರಿದ್ದರು. ಹೊಸ ಹುಡುಗರೂ ಇದ್ದರು, ಕಾರ್ಯದರ್ಶಿಯೂ ಇದ್ದರು. ಎಂತ ಆಯಿತು, ನಿಮ್ಮವನು ಒಪ್ಪಿದನಾ ಎಂದು ಕೇಳಿದರು. ಇಲ್ಲ, ನಮ್ಮ ಜೋಡಿ ಇಲ್ಲ ಎಂದೆ. ಕೋಪ ಇನ್ನೂ ಇಳಿದಿಲ್ಲವಾ ಅವನದು ಎಂದು ಒಬ್ಬ ಕೇಳಿದ. ಇನ್ನೊಬ್ಬ ನನ್ನ ಮೇಲಿನ ಪ್ರೀತಿಯಿಂದಲೇ ಇರಬೇಕು, ಅವನ ಕೈ ಆವತ್ತೇ ಹೋಗಿತ್ತಲ್ಲ ಮಾರಾಯ, ಕರೆದು ಏನು ಪ್ರಯೋಜನ ಎಂದ.

ನಾನು ದಫ್ ಚೀಲವನ್ನು ಕಟ್ಟೆಯ ಮೇಲಿಟ್ಟೆ. ಬಲಗೈಯನ್ನು ಎಲ್ಲರಿಗೂ ಕಾಣುವ ಹಾಗೆ ಮುಂದೆ ಚಾಚಿ, ಅದು ಅದುರುವುದನ್ನು ತಡೆಯದೆ ಹಿಡಿದೆ.

“ಅವನ ಕೈ ಸರಿ ಉಂಟು,” ಎಂದೆ. “ಮೂಡುಬಿದಿರೆಯಲ್ಲಿಯೂ ಸರಿ ಇತ್ತು. ತಪ್ಪಿದ್ದು ಇದು.”

ಸ್ವಲ್ಪ ಹೊತ್ತಿಗೆ ಮೂರು ಜೋಡಿ ಎದ್ದು ಎದುರುಬದುರು ನಿಂತಿತು, ನಾನು ಅವರ ದಫ್ ಕಾಯಿಸಲು ಗೆರಟೆಗೆ ಬೆಂಕಿ ಹಾಕಿದೆ.